ಟ್ಯೂಬ್ ಗಿಟಾರ್ ಆಂಪ್ಲಿಫೈಯರ್‌ನ ಬಯಾಸ್ ಅನ್ನು ಮನೆಯಲ್ಲೇ ಜೋಪಾನವಾಗಿ ಹೊಂದಿಸುವ ಕ್ರಮ

ಹೊಸ ಪವರ್ ಟ್ಯೂಬ್‌ಗಳನ್ನು ತರಿಸಿಕೊಂಡ ಗಿಟಾರ್ ವಾದಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಬಯಾಸ್ ಅನ್ನು ಮನೆಯಲ್ಲಿ ನಾವೇ ಹೊಂದಿಸಿಕೊಳ್ಳಬಹುದೇ? ಹೊಂದಿಸಿಕೊಳ್ಳಬಹುದು. ಲೆಕ್ಕವೆಲ್ಲ ಒಂದು ಗುಣಾಕಾರ ಮತ್ತು ಒಂದು ಭಾಗಾಕಾರದಲ್ಲಿ ಮುಗಿಯುತ್ತದೆ, ತಿರುಗಿಸಬೇಕಾದ ಸ್ಕ್ರೂ ಕೂಡ ಒಂದೇ. ಆದರೆ ತೆರೆದ ಆಂಪ್ಲಿಫೈಯರ್‌ನ ಒಳಗೆ 400ರಿಂದ 500 ವೋಲ್ಟ್‌ಗಳಷ್ಟು ಡಿ.ಸಿ. ವಿದ್ಯುತ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅದು ಜೀವ ತೆಗೆಯಬಲ್ಲದು. ಆದ್ದರಿಂದ ಈ ಲೇಖನದಲ್ಲಿ ಸ್ಕ್ರೂ ತಿರುಗಿಸುವುದಕ್ಕಿಂತ ಅದಕ್ಕೆ ಮುಂಚಿನ ಕೆಲಸಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಓದಿ ಮುಗಿಸಿದ ಮೇಲೆ ಇದು ತನ್ನಿಂದಾಗದು ಎನಿಸಿದರೆ ಟ್ಯೂಬ್ ಬಲ್ಲ ತಂತ್ರಜ್ಞರ ಬಳಿಗೆ ಹೋಗುವುದರಲ್ಲಿ ಯಾವ ಸಂಕೋಚವೂ ಬೇಡ.

ಉದಾಹರಣೆಗೆ ಎರಡು 6ಎಲ್6ಜಿಸಿ ಟ್ಯೂಬ್‌ಗಳಿರುವ, ಸುಮಾರು 40 ವಾಟ್‌ನ ಆಂಪ್ಲಿಫೈಯರ್ ಅನ್ನು ಇಟ್ಟುಕೊಂಡಿದ್ದೇನೆ. ಇತರ ಟ್ಯೂಬ್‌ಗಳಿಗೂ ಕ್ರಮ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಬಯಾಸ್ ಎಂದರೇನು

ಪವರ್ ಟ್ಯೂಬ್‌ನೊಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಹೊರಸೂಸುತ್ತದೆ, ಅಧಿಕ ಧನ ವೋಲ್ಟೇಜ್ ಇರುವ ಪ್ಲೇಟ್ ಅವನ್ನು ಸೆಳೆದುಕೊಳ್ಳುತ್ತದೆ. ಇವೆರಡರ ನಡುವೆ ಇರುವ ಕಂಟ್ರೋಲ್ ಗ್ರಿಡ್ ಎಂಬ ತಂತಿಯ ಸುರುಳಿಗೆ ಋಣ ವೋಲ್ಟೇಜ್ ಕೊಟ್ಟು ಆ ಹರಿವನ್ನು ತಡೆಹಿಡಿಯಲಾಗುತ್ತದೆ. ಈ ಋಣ ವೋಲ್ಟೇಜೇ ಬಯಾಸ್. ಗಿಟಾರ್ ನುಡಿಯದೆ ಸುಮ್ಮನಿರುವಾಗಲೂ ಟ್ಯೂಬ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಹಳೆಯ ಸ್ಕೂಟರಿನಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸಿ ನಿಂತಲ್ಲೇ ಎಂಜಿನ್ ಎಷ್ಟು ವೇಗದಲ್ಲಿ ಓಡಬೇಕೆಂದು ಹೊಂದಿಸುವಂತೆಯೇ ಇದು.

ಋಣ ವೋಲ್ಟೇಜ್ ಹೆಚ್ಚಾದರೆ ಕರೆಂಟ್ ಕಡಿಮೆಯಾಗುತ್ತದೆ, ಇದಕ್ಕೆ ತಣ್ಣನೆಯ ಬಯಾಸ್ ಎನ್ನುತ್ತಾರೆ. ಜೋಡಿ ಟ್ಯೂಬ್‌ಗಳಲ್ಲಿ ಒಂದು ಅಲೆಯ ಮೇಲರ್ಧವನ್ನೂ ಇನ್ನೊಂದು ಕೆಳಗಿನರ್ಧವನ್ನೂ ಹೊತ್ತುಕೊಳ್ಳುವುದರಿಂದ, ಬಯಾಸ್ ತೀರ ತಣ್ಣಗಿದ್ದರೆ ಒಂದರಿಂದ ಇನ್ನೊಂದಕ್ಕೆ ಹಸ್ತಾಂತರವಾಗುವ ಕಡೆ ಅಲೆ ಮುರಿಯುತ್ತದೆ. ಇದನ್ನು ಕ್ರಾಸ್ಓವರ್ ಡಿಸ್ಟಾರ್ಶನ್ ಎಂದು ಕರೆಯುತ್ತಾರೆ. ಮೆಲ್ಲಗೆ ನುಡಿಸಿದ ಸ್ವರ ಕ್ಷೀಣಿಸುತ್ತಾ ಹೋಗುವಾಗ ಅದರ ಬಾಲದಲ್ಲಿ ಒರಟಾದ ಗರಗರ ಕೇಳಿಸುವುದು ಇದರ ಗುರುತು. ಋಣ ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಹೆಚ್ಚಿ ಬಯಾಸ್ ಬಿಸಿಯಾಗುತ್ತದೆ. ಆಗ ನಾದ ತುಂಬಿಕೊಂಡಂತೆ ಕೇಳಿಸಿದರೂ ಟ್ಯೂಬ್‌ನ ಆಯುಸ್ಸು ಕುಗ್ಗುತ್ತದೆ. ಮಿತಿ ಮೀರಿದರೆ ಪ್ಲೇಟ್ ಕೆಂಪಗೆ ಕಾಯ್ದು, ಟ್ಯೂಬ್ ಸುಟ್ಟು, ಕೆಲವೊಮ್ಮೆ ಟ್ಯೂಬ್‌ಗಳಿಗೂ ಸ್ಪೀಕರ್‌ಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹಾಳಾಗುತ್ತದೆ.

ನಿಮ್ಮ ಆಂಪ್ಲಿಫೈಯರ್‌ಗೆ ಇದರ ಅಗತ್ಯವಿದೆಯೇ

ಚಾಸಿಯನ್ನು, ಅಂದರೆ ಭಾಗಗಳನ್ನೆಲ್ಲ ಹೊತ್ತಿರುವ ಲೋಹದ ಪೆಟ್ಟಿಗೆಯನ್ನು, ಬಿಚ್ಚುವ ಮೊದಲೇ ಇದನ್ನು ತಿಳಿದುಕೊಳ್ಳಿ. ವಾಕ್ಸ್ ಎಸಿ30, ಫೆಂಡರ್ ಚಾಂಪ್ ಮೊದಲಾದವು ಕ್ಯಾಥೋಡ್ ಬಯಾಸ್ ವಿಧಾನದವು. ಕ್ಯಾಥೋಡ್‌ನಲ್ಲಿರುವ ರೆಸಿಸ್ಟರ್‌ನ ಮೂಲಕ ಟ್ಯೂಬ್ ತನ್ನ ಬಯಾಸ್ ಅನ್ನು ತಾನೇ ಮಾಡಿಕೊಳ್ಳುವುದರಿಂದ ಅವುಗಳಲ್ಲಿ ಹೊಂದಿಸಲು ಏನೂ ಇರುವುದಿಲ್ಲ. ಪ್ರತ್ಯೇಕ ಋಣ ವೋಲ್ಟೇಜ್ ಒದಗಿಸುವ ಇನ್ನೊಂದು ವಿಧಾನಕ್ಕೆ ಫಿಕ್ಸ್‌ಡ್ ಬಯಾಸ್ ಎಂದು ಹೆಸರು. ಹೆಸರು ಹಾಗಿದ್ದರೂ ಬಹುಪಾಲು ಹೊಂದಿಸಬೇಕಾದದ್ದು ಇದನ್ನೇ. ಫೆಂಡರ್ ಡೀಲಕ್ಸ್ ರಿವರ್ಬ್, ಫೆಂಡರ್ ಹಾಟ್ ರಾಡ್ ಡೀಲಕ್ಸ್, ಮಾರ್ಷಲ್ ಜೆಸಿಎಂ800 ಮುಂತಾದವುಗಳಲ್ಲಿ ಇದಕ್ಕೆಂದೇ ಪುಟ್ಟ ಪಾಟ್, ಅಂದರೆ ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಮೌಲ್ಯ ಬದಲಿಸಬಹುದಾದ ರೆಸಿಸ್ಟರ್, ಇರುತ್ತದೆ. ಫೆಂಡರ್ ಬ್ಲೂಸ್ ಜೂನಿಯರ್ ಮತ್ತು ಮೆಸಾ ಬೂಗಿಯ ಹಲವು ಮಾದರಿಗಳಲ್ಲಿ ಬಯಾಸ್ ಫಿಕ್ಸ್‌ಡ್ ಆಗಿದ್ದರೂ ಪಾಟ್ ಇರುವುದಿಲ್ಲ. ಅವಕ್ಕೆ ತಯಾರಕರು ಸೂಚಿಸಿದ ಶ್ರೇಣಿಯ ಟ್ಯೂಬ್‌ಗಳನ್ನು ಹಾಕಿದರೆ ಸಾಕು. 12ಎಎಕ್ಸ್7 ಮೊದಲಾದ ಪುಟ್ಟ ಪ್ರೀಆಂಪ್ ಟ್ಯೂಬ್‌ಗಳನ್ನು ಬದಲಿಸಿದಾಗ ಈ ಯಾವ ಕೆಲಸವೂ ಇಲ್ಲ.

ನಿಮ್ಮ ಮಾದರಿಯ ಸರ್ಕ್ಯೂಟ್ ನಕ್ಷೆಯನ್ನು ಹುಡುಕಿ ಮುದ್ರಿಸಿಕೊಳ್ಳಿ. ನಕ್ಷೆ ಕೈಯಲ್ಲಿಲ್ಲದೆ ಮುಂದುವರಿಯಬೇಡಿ.

ಜೀವಕ್ಕೆ ಸಂಬಂಧಿಸಿದ ನಿಯಮಗಳು

ಮೊದಲನೆಯದಾಗಿ, ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಜೊತೆಗಿರುವವರಿಗೆ ಮೇನ್ ಸ್ವಿಚ್ ಎಲ್ಲಿದೆ ಎಂಬುದನ್ನು ತೋರಿಸಿಡಿ, ಮತ್ತು ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ವಿದ್ಯುತ್ ಕಡಿಯಬೇಕೆಂದು ಹೇಳಿಡಿ. ಉಂಗುರ, ಬಳೆ, ಕೈಗಡಿಯಾರ, ಕೊರಳ ಸರ ಎಲ್ಲವನ್ನೂ ತೆಗೆದಿಡಿ. ರಬ್ಬರ್ ಅಟ್ಟೆಯ ಒಣ ಚಪ್ಪಲಿ ಹಾಕಿಕೊಂಡು, ಒಣ ನೆಲದ ಮೇಲೆ ನಿಂತು, ಮರದ ಮೇಜಿನ ಮೇಲೆ ಕೆಲಸ ಮಾಡಿ. ವಿದ್ಯುತ್ ಹರಿಯುತ್ತಿರುವಾಗ ಎಡಗೈ ಬೆನ್ನ ಹಿಂದೆ ಅಥವಾ ಜೇಬಿನಲ್ಲಿರಲಿ, ಏಕೆಂದರೆ ಒಂದು ಕೈಯಿಂದ ಇನ್ನೊಂದಕ್ಕೆ ಹರಿಯುವ ಕರೆಂಟ್ ಎದೆಯ ಮೂಲಕವೇ ಹಾದು ಹೋಗುತ್ತದೆ.

ಎರಡನೆಯದನ್ನು ವಿಶೇಷವಾಗಿ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಮನೆಗೆ ಆರ್‌ಸಿಸಿಬಿ ಅಥವಾ ಇಎಲ್‌ಸಿಬಿ ಹಾಕಿಸಿದ್ದೇವೆ, ಶಾಕ್ ಹೊಡೆದರೆ ಅದು ಟ್ರಿಪ್ ಆಗುತ್ತದೆ ಎಂಬ ಧೈರ್ಯ ಹಲವರಿಗಿದೆ. ಗೋಡೆಯಿಂದ ಬರುವ 230 ವೋಲ್ಟ್‌ಗೆ ಆ ಧೈರ್ಯ ಸರಿ. ಆದರೆ ಆಂಪ್ಲಿಫೈಯರ್‌ನ ಅಧಿಕ ವೋಲ್ಟೇಜ್ ಹುಟ್ಟುವುದು ಪವರ್ ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಬದಿಯಲ್ಲಿ. ಅದನ್ನು ಮುಟ್ಟಿದಾಗ ನಿಮ್ಮ ದೇಹದ ಮೂಲಕ ಹರಿಯುವ ಕರೆಂಟ್ ಚಾಸಿಯ ಮೂಲಕ ಅದೇ ಟ್ರಾನ್ಸ್‌ಫಾರ್ಮರ್‌ಗೆ ಮರಳುತ್ತದೆಯೇ ಹೊರತು ಮನೆಯ ಫೇಸ್ ಮತ್ತು ನ್ಯೂಟ್ರಲ್‌ಗಳ ನಡುವೆ ವ್ಯತ್ಯಾಸವನ್ನು ಉಂಟುಮಾಡುವುದಿಲ್ಲ. ಆ ರಕ್ಷಣಾ ಸಾಧನಕ್ಕೆ ಏನೂ ಗೊತ್ತಾಗುವುದೇ ಇಲ್ಲ. ಇಲ್ಲಿ ನಿಮ್ಮನ್ನು ಕಾಯುವುದು ನಿಮ್ಮ ಶಿಸ್ತು ಮಾತ್ರ.

ಮೂರನೆಯದು ಅರ್ಥಿಂಗ್. ಮೂರು ಪಿನ್‌ನ ಪ್ಲಗ್ ಇರಬೇಕು, ಸಾಕೆಟ್‌ನ ಅರ್ಥ್ ನಿಜವಾಗಿಯೂ ಭೂಮಿಗೆ ಸೇರಿರಬೇಕು. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರ ಹೆಸರಿಗಷ್ಟೇ ಇರುವುದುಂಟು, ಆದ್ದರಿಂದ ಎಲೆಕ್ಟ್ರಿಷಿಯನ್‌ರಿಂದ ಒಮ್ಮೆ ಪರೀಕ್ಷಿಸಿಕೊಳ್ಳಿ.

ಬೇಕಾಗುವ ಸಾಮಗ್ರಿ

ಡಿ.ಸಿ. 1000 ವೋಲ್ಟ್‌ವರೆಗೆ ಅಳೆಯುವ, ಕ್ಯಾಟ್ III ಎಂದು ನಮೂದಾಗಿರುವ ಉತ್ತಮ ಡಿಜಿಟಲ್ ಮಲ್ಟಿಮೀಟರ್ ಬೇಕು. ಅದರ ತಂತಿಗಳ ಮೇಲೂ 1000 ವೋಲ್ಟ್ ಎಂದು ಬರೆದಿರಬೇಕು. ಎಲ್ಲ ಅಂಗಡಿಗಳಲ್ಲೂ ಸಿಗುವ ಅಗ್ಗದ ಹಳದಿ ಮೀಟರ್‌ಗಳ ತೆಳುವಾದ ತಂತಿಗಳನ್ನು ಈ ಕೆಲಸಕ್ಕೆ ನಂಬುವಂತಿಲ್ಲ. ಬಲ್ಬ್ ಇರುವ ಸ್ಕ್ರೂಡ್ರೈವರ್ ಟೆಸ್ಟರ್ ಮನೆಯ ವಿದ್ಯುತ್ತಿಗೆ ಮಾಡಿದ್ದು, ಅದನ್ನು ಈ ಚಾಸಿಯೊಳಗೆ ತರಲೇಬೇಡಿ. ಇವಲ್ಲದೆ, ಪೂರ್ಣವಾಗಿ ರಬ್ಬರ್ ಹೊದಿಕೆ ಇರುವ ಕ್ರೊಕೊಡೈಲ್ ಕ್ಲಿಪ್‌ಗಳು, ಪ್ಲಾಸ್ಟಿಕ್‌ನ ಅಥವಾ ತುದಿಯವರೆಗೂ ಇನ್ಸುಲೇಶನ್ ಇರುವ ಪುಟ್ಟ ಸ್ಕ್ರೂಡ್ರೈವರ್, ಕೆಪಾಸಿಟರ್ ಖಾಲಿ ಮಾಡಲು 10 ಕಿಲೋಓಮ್, 10 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಬೇಕು. ಬೆಂಗಳೂರಿನವರಿಗೆ ಇವೆಲ್ಲ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ರೆಸಿಸ್ಟರ್‌ನ ಒಂದೊಂದು ಕಾಲಿಗೆ ಒಂದೊಂದು ಇನ್ಸುಲೇಶನ್ ತಂತಿ ಬೆಸೆದು, ಬೆಸುಗೆಯ ಜಾಗವನ್ನು ಹೀಟ್‌ಶ್ರಿಂಕ್ ಕೊಳವೆಯಿಂದ ಮುಚ್ಚಿ, ತುದಿಗಳಿಗೆ ಕ್ಲಿಪ್ ಹಾಕಿಕೊಳ್ಳಿ.

ಕರೆಂಟ್ ಅಳೆಯಲು ಎರಡು ದಾರಿಗಳನ್ನು ಮಾತ್ರ ನಾನು ಮನೆಗೆ ಸೂಚಿಸುತ್ತೇನೆ. ಒಂದು, ಕ್ಯಾಥೋಡ್ ಮತ್ತು ಚಾಸಿಯ ನಡುವೆ ಇರುವ 1 ಓಮ್ ರೆಸಿಸ್ಟರ್. ಅದರ ಮೇಲೆ ಕಾಣುವ ಪ್ರತಿ ಮಿಲಿವೋಲ್ಟ್ ಒಂದು ಮಿಲಿಆಂಪಿಯರ್‌ಗೆ ಸಮ. ಅಳೆಯುವ ಜಾಗದಲ್ಲಿ ಇರುವುದು ಒಂದು ವೋಲ್ಟ್‌ನ ಪುಟ್ಟ ಭಾಗ ಮಾತ್ರವಾದ್ದರಿಂದ ಇದು ಒಳ್ಳೆಯ ಕ್ರಮ. ಇನ್ನೊಂದು ಬಯಾಸ್ ಪ್ರೋಬ್, ಅಂದರೆ ಟ್ಯೂಬ್ ಮತ್ತು ಸಾಕೆಟ್‌ನ ನಡುವೆ ಕೂರಿಸುವ ಅಡಾಪ್ಟರ್. ಬೆಸುಗೆ ಬಾರದವರಿಗೆ ಇದೇ ಮೇಲು. ಪ್ಲೇಟ್ ವೋಲ್ಟೇಜನ್ನೂ ತೋರಿಸುವ ಪ್ರೋಬ್ ಸಿಕ್ಕರೆ ಅದನ್ನೇ ಕೊಳ್ಳಿ, ಬಹಳಷ್ಟು ಅಪಾಯ ತಾನಾಗಿ ತಪ್ಪುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಡ್ಡಲಾಗಿ ಮೀಟರ್ ಅನ್ನು ಮಿಲಿಆಂಪಿಯರ್ ಸ್ಥಾನದಲ್ಲಿಟ್ಟು ಹಿಡಿಯುವ ಮೂರನೆಯ ವಿಧಾನವೂ ಒಂದಿದೆ. ಅದರಲ್ಲಿ ಪ್ರೋಬ್ ಒಮ್ಮೆ ಜಾರಿ ಚಾಸಿಗೆ ತಗುಲಿದರೆ ಮೀಟರಿನ ಮೂಲಕ ಪೂರ್ಣ ಅಧಿಕ ವೋಲ್ಟೇಜ್ ಶಾರ್ಟ್ ಆಗುತ್ತದೆ. ಅದನ್ನು ಮನೆಯಲ್ಲಿ ಮಾಡಬೇಡಿ.

ಹಂತ 1: ಚಾಸಿಯನ್ನು ಹೊರತೆಗೆಯುವುದು

ಆಂಪ್ಲಿಫೈಯರ್‌ನಲ್ಲಿ ಸ್ಟ್ಯಾಂಡ್‌ಬೈ ಸ್ವಿಚ್, ಅಂದರೆ ಟ್ಯೂಬ್‌ಗಳು ಕಾಯುವಾಗ ಅಧಿಕ ವೋಲ್ಟೇಜನ್ನು ತಡೆದಿಡುವ ಸ್ವಿಚ್, ಇದ್ದರೆ ಅದನ್ನು ನುಡಿಸುವ ಸ್ಥಾನದಲ್ಲೇ ಬಿಟ್ಟು ಪವರ್ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಪ್ಲಗ್ ಗೋಡೆಯಲ್ಲಿ ಇರುವಷ್ಟು ಹೊತ್ತು, ಸ್ವಿಚ್ ಆರಿದ್ದರೂ ಫ್ಯೂಸ್ ಮತ್ತು ಸ್ವಿಚ್‌ನ ತುದಿಗಳಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಸ್ಟ್ಯಾಂಡ್‌ಬೈ ಅನ್ನು ನುಡಿಸುವ ಸ್ಥಾನದಲ್ಲಿ ಬಿಡಲು ಕಾರಣವಿದೆ. ಆರಿದ ಮೇಲೂ ಕೆಲವು ಕ್ಷಣ ಬಿಸಿಯಾಗಿರುವ ಟ್ಯೂಬ್‌ಗಳು ಕೆಪಾಸಿಟರ್‌ಗಳನ್ನು ಬಹುಮಟ್ಟಿಗೆ ಖಾಲಿ ಮಾಡುತ್ತವೆ. ಸ್ಟ್ಯಾಂಡ್‌ಬೈ ಸ್ಥಾನದಲ್ಲಿದ್ದರೆ ಹಲವು ಮಾದರಿಗಳಲ್ಲಿ ಮೊದಲ ದೊಡ್ಡ ಕೆಪಾಸಿಟರ್ ಬೇರ್ಪಟ್ಟು, ತನ್ನ ವೋಲ್ಟೇಜನ್ನು ಹಾಗೇ ಹಿಡಿದುಕೊಂಡು ಕೂರುತ್ತದೆ.

ಟ್ಯೂಬ್‌ಗಳು ತಣ್ಣಗಾದ ಮೇಲೆ ತೆಗೆದು, ಚಾಸಿಯನ್ನು ಹೊರತೆಗೆಯಿರಿ. ಒಳಭಾಗ ನಿಮ್ಮತ್ತ ತೆರೆದಿರುವಂತೆ ಎರಡೂ ತುದಿಗಳಿಗೆ ಮರದ ದಿಮ್ಮಿ ಕೊಟ್ಟು ಅಲ್ಲಾಡದ ಹಾಗೆ ನಿಲ್ಲಿಸಿ. ಮುಂದೆ ಟ್ಯೂಬ್‌ಗಳನ್ನು ಹಾಕಿದಾಗ ಅವುಗಳ ಗಾಜು ಮೇಜಿಗೆ ತಾಗಬಾರದು. ಸ್ಪೀಕರ್‌ನ ತಂತಿ ಚಾಸಿಯವರೆಗೆ ಮುಟ್ಟುವಂತೆ ಈಗಲೇ ಏರ್ಪಾಡು ಮಾಡಿಕೊಳ್ಳಿ, ಏಕೆಂದರೆ ಟ್ಯೂಬ್ ಆಂಪ್ಲಿಫೈಯರ್ ಅನ್ನು ಸ್ಪೀಕರ್ ಇಲ್ಲದೆ ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕಳೆದುಕೊಳ್ಳುವ ಅಪಾಯವಿದೆ.

ಹಂತ 2: ಕೆಪಾಸಿಟರ್‌ಗಳನ್ನು ಖಾಲಿ ಮಾಡುವುದು

ಫಿಲ್ಟರ್ ಕೆಪಾಸಿಟರ್‌ಗಳು ದಪ್ಪ ಉರುಳೆಯಾಕಾರದವು. ಹಳೆಯ ಫೆಂಡರ್‌ಗಳಲ್ಲಿ ಅವು ಚಾಸಿಯ ಹೊರಗೆ ಒಂದು ಲೋಹದ ಮುಚ್ಚಳದಡಿ ಇರುತ್ತವೆ. 100 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 470 ವೋಲ್ಟ್‌ಗೆ ತುಂಬಿದ್ದರೆ ಅದರಲ್ಲಿ ಸುಮಾರು 11 ಜೂಲ್ ಶಕ್ತಿ ಇರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಅದನ್ನು ಶಾರ್ಟ್ ಮಾಡುವ ಪದ್ಧತಿ ಕೆಲವು ಅಂಗಡಿಗಳಲ್ಲಿದೆ. ಅದರಿಂದ ಕಿಡಿ ಹಾರಿ ಲೋಹದ ಚೂರು ಕಣ್ಣಿಗೆ ಸಿಡಿಯಬಹುದು, ಕೆಪಾಸಿಟರ್‌ಗೂ ಪೆಟ್ಟು ಬೀಳುತ್ತದೆ.

ನೀವು ಹೀಗೆ ಮಾಡಿ. ರೆಸಿಸ್ಟರ್ ತಂತಿಯ ಒಂದು ಕ್ಲಿಪ್ ಅನ್ನು ಮೊದಲು ಚಾಸಿಯ ಬರಿಯ ಲೋಹಕ್ಕೆ ಕಚ್ಚಿಸಿ. ಆಮೇಲೆ ಒಂದೇ ಕೈಯಿಂದ ಇನ್ನೊಂದು ಕ್ಲಿಪ್‌ನ ರಬ್ಬರ್ ಭಾಗವನ್ನು ಹಿಡಿದು ಕೆಪಾಸಿಟರ್‌ನ ಧನ ತುದಿಗೆ ಮುಟ್ಟಿಸಿ, ಅರ್ಧ ನಿಮಿಷ ಹಾಗೇ ಇಡಿ. ನಕ್ಷೆಯನ್ನು ನೋಡಿ ಪ್ರತಿಯೊಂದು ಫಿಲ್ಟರ್ ಕೆಪಾಸಿಟರ್‌ಗೂ ಇದನ್ನೇ ಮಾಡಿ. ಬಳಿಕ ಮೀಟರ್ ಅನ್ನು ಡಿ.ಸಿ. 1000 ವೋಲ್ಟ್‌ನಲ್ಲಿಟ್ಟು ಒಂದೊಂದನ್ನೂ ಅಳೆಯಿರಿ. 10 ವೋಲ್ಟ್‌ಗಿಂತ ಕೆಳಗೆ ಬಾರದಿದ್ದರೆ ಇನ್ನೊಮ್ಮೆ ಖಾಲಿ ಮಾಡಿ. ದೊಡ್ಡ ಕೆಪಾಸಿಟರ್‌ಗಳು ಖಾಲಿಯಾದ ಮೇಲೂ ಸ್ವಲ್ಪ ಹೊತ್ತಿನಲ್ಲಿ ಒಂದಷ್ಟು ವೋಲ್ಟೇಜನ್ನು ತಾವಾಗಿ ಮರಳಿ ಪಡೆಯುತ್ತವೆ. ಆದ್ದರಿಂದ ಚಾಸಿಯೊಳಗೆ ಕೈಯಾಡಿಸುವಷ್ಟು ಹೊತ್ತೂ ಮೊದಲ ಕೆಪಾಸಿಟರ್ ಮೇಲೆ ಕ್ಲಿಪ್ ಇರಲಿ, ವಿದ್ಯುತ್ ಕೊಡುವ ಮೊದಲು ತೆಗೆಯಲು ಮರೆಯದಿರಿ. ತಯಾರಕರು ಕೆಲವು ಮಾದರಿಗಳಲ್ಲಿ ಕೆಪಾಸಿಟರ್ ತಾನೇ ಖಾಲಿಯಾಗಲೆಂದು ಬ್ಲೀಡರ್ ರೆಸಿಸ್ಟರ್ ಹಾಕಿರುತ್ತಾರೆ, ಆದರೆ ಅದು ತುಂಡಾಗಿರಲೂಬಹುದು. ಮೀಟರ್ ತೋರಿಸಿದ್ದನ್ನು ಮಾತ್ರ ನಂಬಿ. ಮುಂದಿನ ಹಂತಗಳಲ್ಲಿ ಪ್ರತಿ ಸಲ ವಿದ್ಯುತ್ ಆರಿಸಿ ಕೈ ಹಾಕುವಾಗಲೂ ಈ ಹಂತವನ್ನು ಪೂರ್ತಿಯಾಗಿ ಪುನರಾವರ್ತಿಸಬೇಕು. ಸುಸ್ತಾಗಿ ಇದನ್ನು ಬಿಟ್ಟುಬಿಡುವುದೇ ಅವಘಡಗಳಿಗೆ ದಾರಿ.

ಹಂತ 3: ಪಿನ್‌ಗಳನ್ನು ಗುರುತಿಸುವುದು

6ಎಲ್6, 6ವಿ6, ಇಎಲ್34 ಟ್ಯೂಬ್‌ಗಳ ಎಂಟು ಪಿನ್‌ನ ಸಾಕೆಟ್ ಅನ್ನು ಒಳಗಿನಿಂದ, ಅಂದರೆ ತಂತಿ ಬೆಸೆದ ಕಡೆಯಿಂದ ನೋಡಿದಾಗ, ನಡುವಿನ ಕಚ್ಚಿನಿಂದ ಗಡಿಯಾರದ ದಿಕ್ಕಿನಲ್ಲಿ 1ರಿಂದ 8ರವರೆಗೆ ಎಣಿಸಬೇಕು. 3 ಪ್ಲೇಟ್, 4 ಸ್ಕ್ರೀನ್ ಗ್ರಿಡ್, 5 ಕಂಟ್ರೋಲ್ ಗ್ರಿಡ್, 8 ಕ್ಯಾಥೋಡ್, 2 ಮತ್ತು 7 ಹೀಟರ್. 3 ಮತ್ತು 4ರಲ್ಲಿ ಅಧಿಕ ವೋಲ್ಟೇಜ್ ಇದ್ದು, ಅವು ಅಕ್ಕಪಕ್ಕದಲ್ಲೇ ಇವೆ ಎಂಬುದನ್ನು ಮನಸ್ಸಿನಲ್ಲಿಡಿ.

1 ಓಮ್ ರೆಸಿಸ್ಟರ್ ಇದ್ದರೆ ಅದನ್ನು ಈಗಲೇ ಅಳೆಯಿರಿ. ಮೀಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಕಾಣುವ 0.2, 0.3 ಓಮ್‌ಗಳನ್ನು ಕಳೆದು ಲೆಕ್ಕ ಹಾಕಿ. ರೆಸಿಸ್ಟರ್ 1.1 ಓಮ್ ಆಗಿಬಿಟ್ಟಿದ್ದರೆ ಮುಂದೆ ಓದುವ ಕರೆಂಟ್ ಶೇ. 10ರಷ್ಟು ಹೆಚ್ಚಾಗಿ ಕಾಣಿಸುತ್ತದೆ. ಆ ರೆಸಿಸ್ಟರ್ ಪ್ರತಿ ಟ್ಯೂಬ್‌ಗೂ ಪ್ರತ್ಯೇಕವಾಗಿದೆಯೇ, ಎರಡಕ್ಕೂ ಸೇರಿ ಒಂದೇ ಇದೆಯೇ ಎಂಬುದನ್ನೂ ನಕ್ಷೆಯಲ್ಲಿ ನೋಡಿ. ಹಾಟ್ ರಾಡ್ ಡೀಲಕ್ಸ್‌ನಲ್ಲಿ ಎರಡಕ್ಕೂ ಒಂದೇ, ಆದ್ದರಿಂದ ಅಲ್ಲಿ ಸೂಚಿಸಿರುವ 60 ಮಿಲಿವೋಲ್ಟ್ ಎಂದರೆ ಒಂದೊಂದು ಟ್ಯೂಬ್‌ಗೆ 30 ಮಿಲಿಆಂಪಿಯರ್. ಇದನ್ನು ಒಂದೇ ಟ್ಯೂಬ್‌ನ ಕರೆಂಟ್ ಎಂದು ತಿಳಿದು ತಪ್ಪು ಲೆಕ್ಕ ಮಾಡುವವರು ಬಹಳ.

ಹಂತ 4: ಟ್ಯೂಬ್ ಹಾಕುವ ಮೊದಲು ಋಣ ವೋಲ್ಟೇಜ್ ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಈ ಹಂತ ಹೊಸ ಟ್ಯೂಬ್‌ಗಳನ್ನು ಉಳಿಸುತ್ತದೆ. ಪವರ್ ಟ್ಯೂಬ್‌ಗಳು ಇನ್ನೂ ಹೊರಗಿರಲಿ. ಮೀಟರಿನ ಕಪ್ಪು ಕ್ಲಿಪ್ ಚಾಸಿಗೆ, ಕೆಂಪು ಕ್ಲಿಪ್ ಒಂದು ಸಾಕೆಟ್‌ನ 5ನೇ ಪಿನ್‌ಗೆ ಕಚ್ಚಿಸಿ, ಕೈ ಹೊರಗೆ ತೆಗೆದು, ಸ್ಪೀಕರ್ ಜೋಡಿಸಿ, ಸ್ಟ್ಯಾಂಡ್‌ಬೈ ಸ್ಥಾನದಲ್ಲಿಟ್ಟು ಪವರ್ ಕೊಡಿ. ಬಹುಪಾಲು ಮಾದರಿಗಳಲ್ಲಿ ಸ್ಟ್ಯಾಂಡ್‌ಬೈನಲ್ಲೂ ಬಯಾಸ್ ವೋಲ್ಟೇಜ್ ಬಂದಿರುತ್ತದೆ. 6ಎಲ್6 ಆದರೆ ಸಾಮಾನ್ಯವಾಗಿ ಮೈನಸ್ 45ರಿಂದ 55 ವೋಲ್ಟ್, ಇಎಲ್34 ಆದರೆ ಮೈನಸ್ 35ರಿಂದ 45ರ ಆಸುಪಾಸು ಕಾಣಬೇಕು. ವಿದ್ಯುತ್ ಆರಿಸಿ, ಎರಡನೇ ಹಂತವನ್ನು ಪುನರಾವರ್ತಿಸಿ, ಇನ್ನೊಂದು ಸಾಕೆಟ್‌ನಲ್ಲೂ ನೋಡಿ. ಯಾವುದಾದರೂ ಒಂದರಲ್ಲಿ ಋಣ ವೋಲ್ಟೇಜ್ ಇಲ್ಲದಿದ್ದರೆ ಅಥವಾ ಅದು ಎಲ್ಲೆಲ್ಲೋ ಕುಣಿಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅಂಥ ಸಾಕೆಟ್‌ಗೆ ಹಾಕಿದ ಟ್ಯೂಬ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಎಲ್ಲವೂ ಸರಿಯಿದ್ದರೆ ಬಯಾಸ್ ಪಾಟ್‌ನ ಈಗಿನ ಸ್ಥಾನವನ್ನು ಗುರುತು ಮಾಡಿ, ಫೋಟೊ ತೆಗೆದುಕೊಂಡು, ಋಣ ವೋಲ್ಟೇಜ್ ಅತಿ ಹೆಚ್ಚಾಗುವ ಕಡೆಗೆ, ಅಂದರೆ ಅತಿ ತಣ್ಣನೆಯ ಕಡೆಗೆ, ತಿರುಗಿಸಿಡಿ. ಅದು ಯಾವ ದಿಕ್ಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆಯಾಗುತ್ತದೆ, ಮೀಟರ್ ನೋಡಿಕೊಂಡೇ ತಿರುಗಿಸಿ.

ಇಲ್ಲೇ ಇನ್ನೊಂದು ಮಾತು: 6ಎಲ್6ರ ಜಾಗದಲ್ಲಿ ಇಎಲ್34 ಕೂರುತ್ತದೆ ಎಂದು ಹಾಕಿಬಿಡಬೇಡಿ. 6ಎಲ್6ಜಿಸಿಯ ಹೀಟರ್‌ಗೆ 0.9 ಆಂಪಿಯರ್ ಸಾಕು, ಇಎಲ್34ಕ್ಕೆ 1.5 ಆಂಪಿಯರ್ ಬೇಕು. ಆ ಹೊರೆಯನ್ನು ನಿಮ್ಮ ಪವರ್ ಟ್ರಾನ್ಸ್‌ಫಾರ್ಮರ್ ತಡೆಯದಿರಬಹುದು.

ಹಂತ 5: ಮೀಟರ್ ಜೋಡಿಸಿ ವಿದ್ಯುತ್ ಕೊಡುವುದು

ವಿದ್ಯುತ್ ಇಲ್ಲದಿರುವಾಗ ಜೋಡಿಸಿ, ವಿದ್ಯುತ್ ಇರುವಾಗ ಕೇವಲ ನೋಡಿ. ಇಡೀ ಲೇಖನದಲ್ಲಿ ಒಂದೇ ನಿಯಮವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಉರಿಯುತ್ತಿರುವ ಚಾಸಿಯೊಳಗೆ ಪ್ರೋಬ್‌ನ ಮೊನೆ ಹಿಡಿದು ಪಿನ್ ಹುಡುಕಬೇಡಿ.

ಎರಡು ಮೀಟರ್‌ಗಳಿದ್ದರೆ ಕೆಲಸ ಸುಲಭ. ಒಂದರ ಕೆಂಪು ಕ್ಲಿಪ್ ಅನ್ನು 3ನೇ ಪಿನ್‌ಗೆ ಕಚ್ಚಿಸಿ, ಅದು ಪಕ್ಕದ ಪಿನ್‌ಗಾಗಲಿ ಚಾಸಿಗಾಗಲಿ ತಗುಲಿಲ್ಲವೆಂದು ಟಾರ್ಚ್ ಬಿಟ್ಟು ನೋಡಿ, ತಂತಿಯನ್ನು ಮೆಲ್ಲಗೆ ಎಳೆದು ಕ್ಲಿಪ್ ಜಾರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಈ ಮೀಟರ್ ಡಿ.ಸಿ. 1000 ವೋಲ್ಟ್‌ನಲ್ಲಿರಲಿ. ಇನ್ನೊಂದನ್ನು ಡಿ.ಸಿ. 200 ಮಿಲಿವೋಲ್ಟ್‌ನಲ್ಲಿಟ್ಟು 1 ಓಮ್ ರೆಸಿಸ್ಟರ್‌ಗೆ ಅಥವಾ ಬಯಾಸ್ ಪ್ರೋಬ್‌ಗೆ ಸೇರಿಸಿ. ಕೆಲವು ಪ್ರೋಬ್‌ಗಳು ಮಿಲಿಆಂಪಿಯರ್ ಸ್ಥಾನವನ್ನು ಕೇಳುತ್ತವೆ, ಜೊತೆಯ ಸೂಚನೆ ಓದಿ. ಎರಡರ ಕಪ್ಪು ಕ್ಲಿಪ್‌ಗಳೂ ಚಾಸಿಗೆ. ಒಂದೇ ಮೀಟರ್ ಇದ್ದರೆ ಪ್ಲೇಟ್ ಮತ್ತು ಕ್ಯಾಥೋಡ್‌ಗಳನ್ನು ಸರದಿಯಲ್ಲಿ ಅಳೆಯಬಹುದು, ಆದರೆ ನಡುವೆ ಪ್ರತಿ ಸಲವೂ ವಿದ್ಯುತ್ ಆರಿಸಿ ಖಾಲಿ ಮಾಡಬೇಕು.

ಈಗ ಟ್ಯೂಬ್‌ಗಳನ್ನು ಹಾಕಿ, ಖಾಲಿ ಮಾಡುವ ಕ್ಲಿಪ್ ತೆಗೆದು, ಸ್ಪೀಕರ್ ಸೇರಿದೆಯೆಂದು ಮತ್ತೊಮ್ಮೆ ನೋಡಿ. ವಾಲ್ಯೂಮ್, ರಿವರ್ಬ್ ಎಲ್ಲ ಸೊನ್ನೆಯಲ್ಲಿರಲಿ, ಗಿಟಾರ್ ಜೋಡಿಸಬೇಡಿ. ಪವರ್ ಕೊಟ್ಟು ಒಂದೆರಡು ನಿಮಿಷ ಹೀಟರ್‌ಗಳು ಕಾಯಲಿ, ನಂತರ ಸ್ಟ್ಯಾಂಡ್‌ಬೈ ತೆಗೆಯಿರಿ. ಕೋಣೆಯ ದೀಪವನ್ನು ತುಸು ಮಂದ ಮಾಡಿ ಟ್ಯೂಬ್‌ಗಳನ್ನೇ ನೋಡುತ್ತಿರಿ. ನಡುವಿನ ಹೀಟರ್‌ನ ಕಿತ್ತಳೆ ಬೆಳಕು ಸಹಜ. ಗಾಜಿನ ಒಳಮೈಯಲ್ಲಿ ಮಿಂಚುವ ತಿಳಿನೀಲಿ ಹೊಳಪೂ ಸಹಜವೇ. ಬೂದು ಬಣ್ಣದ ಪ್ಲೇಟ್‌ನ ಪಕ್ಕದಲ್ಲಿ, ಬಹುಶಃ ಅಂಚಿನ ಮಡಿಕೆಯ ಹತ್ತಿರ, ಮಾಸಲು ಕೆಂಪು ಮಚ್ಚೆಯೊಂದು ಮೂಡಿ ಹರಡತೊಡಗಿದರೆ ಅದು ಸಹಜವಲ್ಲ. ಅಂಕಿ ಓದಿ ಮುಗಿಸೋಣ ಎಂದು ಕಾಯದೆ ತಕ್ಷಣ ಪವರ್ ಆರಿಸಿ.

ಹಂತ 6: ಲೆಕ್ಕ

ಪ್ರತಿ ಟ್ಯೂಬ್‌ಗೂ ಪ್ಲೇಟ್ ಡಿಸಿಪೇಶನ್ ಎಂಬ ಮಿತಿಯಿದೆ. ಪ್ಲೇಟ್ ಶಾಖವಾಗಿ ಹೊರಹಾಕಬಲ್ಲ ಗರಿಷ್ಠ ಶಕ್ತಿ ಇದು. 6ಎಲ್6ಜಿಸಿಗೆ 30 ವಾಟ್, ಇಎಲ್34ಕ್ಕೆ 25, 6ವಿ6ಜಿಟಿ ಮತ್ತು ಇಎಲ್84ಕ್ಕೆ 12. ಕೆಲವು ತಯಾರಕರ ಇಂದಿನ 6ವಿ6ಗಳಿಗೆ 14 ಎಂದೂ ಕೊಟ್ಟಿರುತ್ತಾರೆ. ಜೋಡಿಯಾಗಿ ದುಡಿಯುವ, ಕ್ಲಾಸ್ ಎಬಿ ಎಂಬ ವರ್ಗದ ಆಂಪ್ಲಿಫೈಯರ್‌ಗಳಲ್ಲಿ ಸುಮ್ಮನಿರುವಾಗ ಈ ಮಿತಿಯ ಶೇ. 70 ದಾಟಬಾರದು ಎಂಬುದು ರೂಢಿ.

ಗರಿಷ್ಠ ವಾಟ್ ಅನ್ನು 0.7ರಿಂದ ಗುಣಿಸಿ ಪ್ಲೇಟ್ ವೋಲ್ಟೇಜ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಪ್ಲೇಟ್ 430 ವೋಲ್ಟ್ ಇದೆ ಎನ್ನೋಣ. 30ನ್ನು 0.7ರಿಂದ ಗುಣಿಸಿದರೆ 21 ವಾಟ್, ಅದನ್ನು 430ರಿಂದ ಭಾಗಿಸಿದರೆ ಸುಮಾರು 49 ಮಿಲಿಆಂಪಿಯರ್. ಶೇ. 60 ಇಟ್ಟುಕೊಂಡರೆ 18 ವಾಟ್, ಸುಮಾರು 42 ಮಿಲಿಆಂಪಿಯರ್. 415 ವೋಲ್ಟ್‌ನ ಡೀಲಕ್ಸ್ ರಿವರ್ಬ್‌ನಲ್ಲಿ 12 ವಾಟ್‌ನ 6ವಿ6ಗೆ ಶೇ. 70ರಲ್ಲಿ ಸುಮಾರು 20 ಮಿಲಿಆಂಪಿಯರ್.

ಶೇ. 70 ಎಂಬುದು ಮುಟ್ಟಲೇಬೇಕಾದ ಗುರಿ ಎಂದು ತಿಳಿದವರು ಬಹಳ ಮಂದಿ. ಅದು ಮೇಲಿನ ಗಡಿ. ಶೇ. 55ರಿಂದ 65ರ ನಡುವೆ ಎಲ್ಲಿ ಕಿವಿಗೆ ಹಿತವೋ ಅಲ್ಲಿ ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ಅದರಿಂದ ಮೇಲೆ ಕಿವಿಗೆ ಸಿಗುವ ಲಾಭ ಅಲ್ಪ, ಟ್ಯೂಬ್ ತೆರುವ ಬೆಲೆ ಹೆಚ್ಚು. ಕ್ಯಾಥೋಡ್‌ನಲ್ಲಿ ಅಳೆಯುವ ಕರೆಂಟ್‌ನಲ್ಲಿ ಸ್ಕ್ರೀನ್ ಗ್ರಿಡ್‌ನ ಪಾಲೂ ಸೇರಿರುತ್ತದೆ. 6ಎಲ್6ರಲ್ಲಿ ಅದು ಸುಮಾರು ಶೇ. 5, ಇಎಲ್34ರಲ್ಲಿ ಶೇ. 10 ಅಥವಾ ತುಸು ಹೆಚ್ಚು. ಅದನ್ನು ಕಳೆಯದೆ ಬಿಟ್ಟರೂ ತಪ್ಪು ಸುರಕ್ಷಿತ ಬದಿಗೇ ಇರುತ್ತದೆ.

ಹಂತ 7: ಹೊಂದಿಸುವುದು

ಮೊದಲ ಕೆಲವು ನಿಮಿಷ ಕರೆಂಟ್ ಒಂದೊಂದೇ ಮಿಲಿಆಂಪಿಯರ್ ಏರುತ್ತಾ ಹೋಗುತ್ತದೆ. ಕನಿಷ್ಠ 10 ನಿಮಿಷ ಕಾಯಿರಿ. ಬಳಿಕ ಬಲಗೈಯಲ್ಲಿ ಮಾತ್ರ ಇನ್ಸುಲೇಟೆಡ್ ಸ್ಕ್ರೂಡ್ರೈವರ್ ಹಿಡಿದು ಪಾಟ್ ಅನ್ನು ಕೂದಲೆಳೆಯಷ್ಟು ತಿರುಗಿಸಿ, ಕೈ ಹಿಂದಕ್ಕೆ ತೆಗೆದು, ಅಂಕಿ ನಿಲ್ಲುವವರೆಗೆ ಕಾದು ಓದಿ. ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟೇಜ್ ಇಳಿಯುತ್ತದೆ. 30 ಮಿಲಿಆಂಪಿಯರ್‌ನಲ್ಲಿ 430 ಇದ್ದದ್ದು 42 ಮಿಲಿಆಂಪಿಯರ್‌ಗೆ ಬರುವಾಗ 418ಕ್ಕೆ ಇಳಿದಿರಬಹುದು. ಆದ್ದರಿಂದ ಹೊಸ ಅಂಕಿಗಳನ್ನೇ ಗುಣಿಸಿ: 418 ಗುಣಿಸು 0.042, ಸುಮಾರು 17.6 ವಾಟ್, 30ರಲ್ಲಿ ಶೇ. 59. ಇಲ್ಲಿ ನಿಲ್ಲಿಸಬಹುದು. ಪಾಟ್ ತಿರುಗಿಸುವಾಗ ಅಂಕಿ ಧುತ್ತೆಂದು ಹಾರಿದರೆ ಪಾಟ್ ಕೊಳೆಯಾಗಿದೆ ಅಥವಾ ಸವೆದಿದೆ ಎಂದರ್ಥ, ಅದನ್ನು ಬದಲಿಸದೆ ಮುಂದುವರಿಯಬೇಡಿ.

ಗೋಡೆಯ ವೋಲ್ಟೇಜ್ ಇಲ್ಲಿ ಮುಖ್ಯ, ಅದೂ ನಮ್ಮ ಊರುಗಳಲ್ಲಿ. 230 ವೋಲ್ಟ್ ಇದ್ದಾಗ 430 ಇರುವ ಪ್ಲೇಟ್, ರಾತ್ರಿ ಹೊರೆ ಇಳಿದು ಗೋಡೆಯಲ್ಲಿ 245 ಬಂದಾಗ 458ರ ಹತ್ತಿರ ಹೋಗುತ್ತದೆ. ಋಣ ವೋಲ್ಟೇಜ್ ಕೂಡ ಜೊತೆಗೇ ಏರಿ ಒಂದಿಷ್ಟು ತಡೆಯುತ್ತದೆಯಾದರೂ ಪೂರ್ತಿ ತಡೆಯುವುದಿಲ್ಲ. ಸಾಕೆಟ್‌ಗೆ ಸಿಕ್ಕಿಸುವ ಡಿಜಿಟಲ್ ವೋಲ್ಟ್‌ಮೀಟರ್ ಒಂದನ್ನು ಇಟ್ಟುಕೊಂಡು, ಹೊಂದಿಸುವ ಹೊತ್ತಿನಲ್ಲಿ ಎಷ್ಟಿತ್ತೆಂದು ಬರೆದಿಡಿ. ಇನ್ವರ್ಟರ್ ಮೇಲೆ ಓಡುವಾಗ ಬಯಾಸ್ ಹೊಂದಿಸಬೇಡಿ.

ಅಮೆರಿಕದಿಂದ 120 ವೋಲ್ಟ್‌ನ ಆಂಪ್ಲಿಫೈಯರ್ ತಂದವರು ಅದನ್ನು ನುಡಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆಯೇ ಹೊಂದಿಸಬೇಕು, ಅಲ್ಲಿ ಹೊಂದಿಸಿದ್ದು ಇಲ್ಲಿಗೆ ಹೊಂದುವುದಿಲ್ಲ. 110 ವೋಲ್ಟ್ ಕೊಡುವ ಸ್ಟೆಪ್‌ಡೌನ್‌ನಲ್ಲಿ ಒಳಗಿನ ಎಲ್ಲ ವೋಲ್ಟೇಜ್‌ಗಳೂ ಶೇ. 8ರಷ್ಟು ಇಳಿದಿರುತ್ತವೆ. ಅದು ಅರ್ಥ್ ತಂತಿಯನ್ನು ಆಂಪ್ಲಿಫೈಯರ್‌ವರೆಗೆ ಒಯ್ಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಹಂತ 8: ಎರಡು ಟ್ಯೂಬ್‌ಗಳನ್ನು ಹೋಲಿಸುವುದು

ಪ್ರತ್ಯೇಕವಾಗಿ ಅಳೆಯಲು ಸಾಧ್ಯವಿದ್ದರೆ ಎರಡರ ಅಂತರ 5 ಮಿಲಿಆಂಪಿಯರ್‌ನೊಳಗೆ ಇರುವುದು ಒಳ್ಳೆಯದು. ಮಿತಿಯನ್ನು ಹೆಚ್ಚು ಕರೆಂಟ್ ಎಳೆಯುವ ಟ್ಯೂಬ್‌ಗೆ ಅನ್ವಯಿಸಿ, ಸರಾಸರಿಗಲ್ಲ. ಅಂತರ ಬಹಳವಿದ್ದರೆ ವಿದ್ಯುತ್ ಆರಿಸಿ, ತಣ್ಣಗಾದ ಮೇಲೆ ಟ್ಯೂಬ್‌ಗಳನ್ನು ಅದಲುಬದಲು ಮಾಡಿ. ಹೆಚ್ಚಿನ ಕರೆಂಟ್ ಟ್ಯೂಬ್‌ನ ಜೊತೆಗೇ ಇನ್ನೊಂದು ಸಾಕೆಟ್‌ಗೆ ಹೋದರೆ ಜೋಡಿ ಸರಿಯಿಲ್ಲ, ಮಾರಿದವರಿಗೆ ಹಿಂತಿರುಗಿಸಿ. ಅದೇ ಸಾಕೆಟ್‌ನಲ್ಲಿ ಉಳಿದರೆ ದೋಷ ಸರ್ಕ್ಯೂಟ್‌ನಲ್ಲಿದೆ.

ಹಂತ 9: ಮುಚ್ಚುವುದು ಮತ್ತು ಮರುಪರೀಕ್ಷೆ

ಮುಚ್ಚುವ ಮೊದಲು ಚಾಸಿ ತೆರೆದಿರುವಾಗಲೇ ಅರ್ಧ ಗಂಟೆ ಸುಮ್ಮನೆ ಉರಿಯಲು ಬಿಟ್ಟು, ದೂರ ಕುಳಿತು ಮೀಟರ್ ನೋಡುತ್ತಿರಿ. ಆ ಹೊತ್ತಿನಲ್ಲಿ ಮಕ್ಕಳು, ಸಾಕುಪ್ರಾಣಿಗಳು ಆ ಕೋಣೆಗೆ ಬರಬಾರದು. ಅಂಕಿ ಸ್ಥಿರವಾಗಿದ್ದರೆ ವಿದ್ಯುತ್ ಆರಿಸಿ, ಖಾಲಿ ಮಾಡಿ, ಕ್ಲಿಪ್‌ಗಳನ್ನು ತೆಗೆದು, ಬೆಸುಗೆಯ ಚೂರು ಅಥವಾ ತಿರುಪು ಒಳಗೆ ಬಿದ್ದಿಲ್ಲವೆಂದು ನೋಡಿ ಚಾಸಿಯನ್ನು ಮರಳಿ ಕೂರಿಸಿ. ಹೊಸ ಟ್ಯೂಬ್‌ಗಳು ಮೊದಲ ಕೆಲವು ವಾರಗಳ ವಾದನದಲ್ಲಿ ತುಸು ಬದಲಾಗುತ್ತವೆ, ಆ ಮೇಲೆ ಒಮ್ಮೆ ಅಳೆದು ನೋಡುವುದು ಒಳಿತು. ದಿನಾಂಕ, ಗೋಡೆಯ ವೋಲ್ಟೇಜ್, ಪ್ಲೇಟ್ ವೋಲ್ಟೇಜ್, ಎರಡೂ ಟ್ಯೂಬ್‌ಗಳ ಕರೆಂಟ್ ಇಷ್ಟನ್ನೂ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ, ಟ್ಯೂಬ್‌ಗಳ ಶಾಖ ತಾಗದ ಕಡೆ, ಅಂಟಿಸಿಡಿ.

ಪಾಟ್ ಅನ್ನು ಕೊನೆಯವರೆಗೆ ತಿರುಗಿಸಿದರೂ ಕರೆಂಟ್ ಇಳಿಯದಿದ್ದರೆ, ಯಾವ ಗಳಿಗೆಯಲ್ಲಾದರೂ ಪ್ಲೇಟ್ ಕೆಂಪಾದರೆ, ಫ್ಯೂಸ್ ಎರಡನೇ ಸಲ ಹೋದರೆ ಅಥವಾ ಕೆಪಾಸಿಟರ್‌ನ ನೆತ್ತಿ ಉಬ್ಬಿರುವುದು ಕಂಡರೆ ಅದು ಬಯಾಸ್ ಹೊಂದಾಣಿಕೆಯಿಂದ ಸರಿಯಾಗುವ ವಿಷಯವಲ್ಲ. ಫ್ಯೂಸ್‌ಗೆ ಬದಲು ತಂತಿ ಸುತ್ತಿ ಅಥವಾ ಹೆಚ್ಚಿನ ಆಂಪಿಯರ್‌ನ ಫ್ಯೂಸ್ ಹಾಕಿ ಮುಂದುವರಿಯಬೇಡಿ. ಪ್ಲಗ್ ಕಿತ್ತು, ಖಾಲಿ ಮಾಡಿ, ನೀವು ಬರೆದುಕೊಂಡ ಅಂಕಿಗಳ ಚೀಟಿಯೊಂದಿಗೆ ತಂತ್ರಜ್ಞರಿಗೆ ಒಪ್ಪಿಸಿ. ದೋಷ ಹುಡುಕುವ ಅವರ ಅರ್ಧ ಕೆಲಸ ಆ ಅಂಕಿಗಳಿಂದಲೇ ಆಗಿರುತ್ತದೆ.